ಪದಚರ್ಚೆ: ಮ್ಯೂಸಿಯಂ ಫಲಕದಲ್ಲಿ ‘ಉಗ್ರಾಣಿ’ ಇರಲಾ, ‘ತಳವಾರ’ ಬರಲಾ?

ಗೆಳೆಯರೇ, ನಮಸ್ಕಾರ.

ಮಂಗಳೂರಿನಲ್ಲಿ ಪೊಲೀಸರ ಚರಿತ್ರೆ ಹೇಳುವ ಒಂದು ಮ್ಯೂಸಿಯಂ ಆಗಬೇಕೆಂದು ನಾವು ಕೆಲವರು ಯೋಜನೆ ಬರೆಯುತ್ತಿದ್ದೇವೆ. ಜಾಗ, ದುಡ್ಡು ಎಲ್ಲ ಆಮೇಲಿನ ಮಾತು. ಸದ್ಯ ಮೊದಲ ಕೋಣೆಯ ಫಲಕದಲ್ಲೇ ಸಿಕ್ಕಿಕೊಂಡಿದ್ದೇವೆ.

ಠಾಣೆ, ಸಮವಸ್ತ್ರ ಬರುವ ಮುಂಚೆ ಊರಿನ ಉಸ್ತುವಾರಿ ಯಾರದು? ಆ ಕೋಣೆಯ ವಿಷಯ ಇದು. ಆಗ ಮಂಗಳೂರು ಇದ್ದದ್ದು ಮದ್ರಾಸ್ ಸರಕಾರದ ಕೆಳಗೆ. ಅದರ 1816ರ ಕಾಯಿದೆ ಊರಿನ ಮುಖ್ಯಸ್ಥನಿಗೇ ಪೊಲೀಸ್ ಅಧಿಕಾರ ಕೊಟ್ಟಿತು. ಅವನ ಮೇಲೆ ತಹಶೀಲ್ದಾರ, ತಹಶೀಲ್ದಾರನ ಮೇಲೆ ಕಲೆಕ್ಟರು. ಬೇರೆಯೇ ಪೊಲೀಸ್ ಪಡೆ ಹುಟ್ಟಿದ್ದು 1859ರ ಕಾಯಿದೆಯಿಂದ. ನಮ್ಮ ಕಡೆ ಆ ಮುಖ್ಯಸ್ಥ ಎಂದರೆ ಪಟೇಲ. ಪಟೇಲನ ಮಾತನ್ನು ಮನೆಮನೆಗೆ ಮುಟ್ಟಿಸುವವನು, ಬೇಕಾದವರನ್ನು ಕರೆತರುವವನು ಉಗ್ರಾಣಿ.

ತಕರಾರು ಇಲ್ಲೇ. ತಂಡದಲ್ಲಿ ಮೈಸೂರು ಕಡೆಯವರೊಬ್ಬರಿದ್ದಾರೆ. “ಉಗ್ರಾಣಿ ಅಂದ್ರೆ ಉಗ್ರಾಣದ ಬೀಗದಕೈ ಇಟ್ಟುಕೊಂಡವನು ಅಲ್ವಾ? ಸುಮ್ನೆ ತಳವಾರ ಅಂತ ಹಾಕಿ, ಎಲ್ಲರಿಗೂ ತಿಳಿಯುತ್ತೆ” ಅನ್ನುತ್ತಾರೆ. ಅವರು ಹೇಳುವ ಅರ್ಥವೂ ಸರಿಯೇ. ಮದುವೆ ಮನೆಯ ಉಗ್ರಾಣ ಯಾರಿಗೆ ಗೊತ್ತಿಲ್ಲ? ಆದರೆ ತಳವಾರನದು ಕಾವಲಿನ ಕೆಲಸ, ಉಗ್ರಾಣಿಯದು ಜಾಸ್ತಿ ಪಟೇಲನ ಓಡಾಟದ ಕೆಲಸ. ಹೆಸರು ಬದಲಿಸಿದರೆ ಕೆಲಸವೂ ಬದಲಾಗಿಬಿಡುತ್ತದೆ. 1963ರಲ್ಲಿ ವಂಶಪಾರಂಪರ್ಯದ ಗ್ರಾಮ ಹುದ್ದೆಗಳು ಹೋದವು. ಹೆಸರು ಹೋಗಲಿಲ್ಲ, ಹಳಬರ ಬಾಯಲ್ಲಿ ಗ್ರಾಮ ಸಹಾಯಕ ಈಗಲೂ ಉಗ್ರಾಣಿಯೇ. ಮಂಗಳೂರಿನ ಮ್ಯೂಸಿಯಂನಲ್ಲೇ ಆ ಹೆಸರಿಗೆ ಜಾಗ ಇಲ್ಲ ಎಂದರೆ ಹೇಗೆ? ‘ಉಗ್ರಾಣಿ’ ಎಂದೇ ದಪ್ಪಕ್ಷರದಲ್ಲಿ ಬರೆದು, ಕೆಳಗೆ ‘ಪಟೇಲನ ಕೈಕೆಳಗಿನ ಗ್ರಾಮ ಸೇವಕ’ ಎಂದು ಒಂದು ಸಾಲು ಸೇರಿಸೋಣ ಎಂಬುದು ನನ್ನ ವಾದ.

ಇನ್ನೊಂದು ಜೋಡಿ ಮಹಜರು, ಪಂಚನಾಮೆ. ಎರಡೂ ಒಂದೇ, ಪೊಲೀಸರು ಸ್ಥಳದಲ್ಲಿ ಸಾಕ್ಷಿಗಳ ಎದುರು ಬರೆಯುವ ದಾಖಲೆ. ನಮ್ಮ ಠಾಣೆಗಳಲ್ಲಿ ಮಹಜರು. ಮುಂಬೈ ಆಡಳಿತ ಕಂಡ ಜಿಲ್ಲೆಗಳಲ್ಲಿ ಪಂಚನಾಮೆ ಜಾಸ್ತಿ. ಕಾರವಾರವೂ ಒಂದು ಕಾಲಕ್ಕೆ ನಮ್ಮ ಹಳೆಯ ಕೆನರಾ ಜಿಲ್ಲೆಯಲ್ಲೇ ಇತ್ತು, 1862ರಲ್ಲಿ ಮುಂಬೈ ಆಡಳಿತಕ್ಕೆ ಹೋಯಿತು. ಹಾಗಾಗಿ ಎರಡೂ ಇರಲಿ. ‘ಪೇದೆ’ ಮಾತ್ರ ಬೇಡ. ಪತ್ರಿಕೆಗಳಲ್ಲಿ ಓಡುತ್ತದೆ, ನಿಜ. ಆದರೆ ಕೇಳಲು ಕೀಳಾಗಿ ಅನ್ನಿಸುತ್ತದೆ, ನಿವೃತ್ತ ಪೊಲೀಸರು ಮೊಮ್ಮಕ್ಕಳನ್ನು ಕರೆದುಕೊಂಡು ಬಂದು ಓದುವ ಫಲಕ ಅದು. ಕಾನ್‌ಸ್ಟೇಬಲ್ ಸಾಕು.

ಈಗ ನಿಮ್ಮನ್ನು ಕೇಳಬೇಕಾದ್ದು: ಕುಂದಾಪುರ, ಕಾರ್ಕಳ, ಪುತ್ತೂರು ಕಡೆ ಉಗ್ರಾಣಿಗೆ ಬೇರೆ ಹೆಸರಿತ್ತಾ? ರಾತ್ರಿ ಗಸ್ತು ಅವನೇ ತಿರುಗುತ್ತಿದ್ದನಾ, ಅದಕ್ಕೆ ಬೇರೆ ಜನ ಇದ್ದರಾ? ಪಟೇಲರ ಕಾಲದ ಕಾಗದಪತ್ರ ಮನೆಯಲ್ಲಿದ್ದರೆ, ಈ ಪದ ಬರುವ ಸಾಲನ್ನು ಇದ್ದ ಹಾಗೇ ಬರೆದು ಕಳಿಸಿ. ಕಾಗುಣಿತ ತಿದ್ದಬೇಡಿ.