ಬ್ಲಂಟ್‌ಶ್ಲಿಗೆ ಪ್ರೀತಿ ಹುಟ್ಟೋದು ಯಾವ ಅಂಕದಲ್ಲಿ?

ಸೈಡ್‌ವಿಂಗ್:
ಬರ್ನಾರ್ಡ್ ಷಾ ಅವರ ‘ಆರ್ಮ್ಸ್ ಅಂಡ್ ದ ಮ್ಯಾನ್’ ತಾಲೀಮು ನಡೀತಿದೆ, ನಿರ್ದೇಶನ ನನ್ನದು. ಮೊದಲ ಅಂಕ ಸಲೀಸು. 1885ರ ನವೆಂಬರ್, ಯುದ್ಧದಲ್ಲಿ ಸೋತು ಓಡಿಬಂದ ಸರ್ಬಿಯಾ ಕಡೆಯ ಸೈನಿಕ ಬ್ಲಂಟ್‌ಶ್ಲಿ ಬಾಲ್ಕನಿ ಹತ್ತಿ ಬಲ್ಗೇರಿಯಾದ ಮೇಜರ್ ಮಗಳು ರೈನಾಳ ಕೋಣೆಗೆ ನುಗ್ತಾನೆ. ಕೈಯಲ್ಲಿ ಪಿಸ್ತೂಲು, ಒಳಗೆ ಗುಂಡಿಲ್ಲ. ಗುಂಡಿನ ಬದಲು ಚಾಕೊಲೇಟ್ ಇಟ್ಕೊಂಡು ತಿರುಗೋ ಗಿರಾಕಿ, ಅದೂ ಖಾಲಿ! ಸ್ವಿಟ್ಜರ್ಲೆಂಡಿನಿಂದ ಬರೋ ದಾರಿಯಲ್ಲಿ ಮೊದಲು ಸಿಕ್ಕಿದ್ದು ಸರ್ಬಿಯಾ ಅಂತ ಆ ಸೈನ್ಯ ಸೇರಿದೋನು. ಇಲ್ಲಿ ನಗು ತಾನಾಗಿ ಬರುತ್ತೆ.

ತೊಡಕು ಮೂರನೇ ಅಂಕದ್ದು. ಸಂಧಿಯಾದ ಮೇಲೆ ಅದೇ ಮನೆಗೆ ವಾಪಸ್ ಬಂದು, ಕುದುರೆ ಪಡೆಗಳನ್ನ ಫಿಲಿಪ್ಪೋಪೋಲಿಸ್ ಊರಿಗೆ ಸಾಗಿಸೋ ಆದೇಶ ಬರೀತಾ ಕೂತಿದ್ದೋನು, ಅದೇ ಅಂಕ ಮುಗಿಯೋದ್ರೊಳಗೆ ರೈನಾಳನ್ನ ಮದುವೆಗೆ ಕೇಳ್ತಾನೆ. ‘ಇವನಿಗೆ ಪ್ರೀತಿ ಎಲ್ಲಿಂದ ಬಂತು ಸಾರ್?’ ಅಂತ ನಮ್ಮ ನಟ ದಿನಾ ತಲೆ ತಿಂತಾನೆ. ಎರಡನೇ ಅಂಕದಲ್ಲಿ ಒಂದೆರಡು ಕಳ್ಳನೋಟ ತುರುಕಲಾ?

ತಂತಿಪೇದೆ:
ಪ್ರೀತಿಗೀತಿ ಏನಿಲ್ಲ. ಅವನಪ್ಪ ತೀರಿಕೊಂಡ, ಹೋಟೆಲುಗಳೆಲ್ಲ ಕೈಗೆ ಬಂದ್ವು. ದುಡ್ಡಾಯ್ತು, ಇನ್ನು ಹೆಂಡತಿ. ವ್ಯವಹಾರಸ್ಥನ ಥರಾನೇ ಆಡಿಸಿ.

ಹಳೇಬಣ್ಣ:
ಕಳ್ಳನೋಟ ದಯವಿಟ್ಟು ಬೇಡ. ಕೋಟು ನೋಡಿ ಸ್ವಾಮಿ, ಕೋಟು!

ತಾಯಿ ಮಗಳು ಸೇರಿ ಅವನನ್ನ ಸಾಗಹಾಕಿದ್ದು ಮೇಜರ್ ಪೆಟ್ಕಾಫ್‌ನ ಹಳೇ ಕೋಟು ಹೊದಿಸಿ. ಎರಡನೇ ಅಂಕ ಬರೋ ಹೊತ್ತಿಗೆ 1886ರ ಮಾರ್ಚ್, ಸಂಧಿಯಾಗಿದೆ. ಕೋಟು ವಾಪಸ್ ಮಾಡೋಕೆ ಯಾರನ್ನಾದ್ರೂ ಕಳಿಸಬಹುದಿತ್ತು. ತಾನೇ ಬರ್ತಾನೆ. ಅದೂ ಮೇಜರ್ರೂ, ರೈನಾಳನ್ನ ಮದುವೆಯಾಗಬೇಕಿರೋ ಸರ್ಗಿಯಸ್ಸೂ ಮನೇಲಿರೋವಾಗ. ಲೆಕ್ಕಾಚಾರದ ಮನುಷ್ಯ ಮಾಡೋ ಕೆಲಸವಾ ಇದು?

ಕೊನೇಲಿ ಅವನ ಬಾಯಿಂದಲೇ ಷಾ ಇದನ್ನ ಹೇಳಿಸ್ತಾರೆ. ಹುಡುಗನಾಗಿದ್ದಾಗ ಎರಡು ಸಲ ಮನೆ ಬಿಟ್ಟು ಓಡಿದ್ದ, ಅಪ್ಪನ ವ್ಯಾಪಾರ ಬಿಟ್ಟು ಸೈನ್ಯ ಸೇರಿದ, ಬುದ್ಧಿ ಇರೋನು ನೆಲಮಾಳಿಗೇಲಿ ಅವಿತುಕೊಳ್ಳೋ ಜಾಗದಲ್ಲಿ ಬಾಲ್ಕನಿ ಹತ್ತಿದ, ಆಮೇಲೆ ಆ ಹುಡುಗೀನ ಇನ್ನೊಂದ್ಸಲ ನೋಡೋಕೆ ಅಂತಲೇ ಕೋಟಿನ ನೆವ ಹಿಡಿದು ಬಂದ. ಹಾಗಾದ್ರೆ ಇಷ್ಟು ಹೊತ್ತು ಬಾಯಿ ಬಿಡದೇ ಇದ್ದಿದ್ದು ಯಾಕೆ? ಅವಳಿಗೆ 17 ಅಂದ್ಕೊಂಡಿದ್ದ, ತನಗೆ 34. ‘ನನಗೆ 23’ ಅಂತ ಅವಳು ಸಿಡುಕಿದ ಮೇಲೇ ಹೆಣ್ಣು ಕೇಳೋದು.

ಈ ಪಾತ್ರ ಮಾಡಿದ್ದೀನಿ, ಅದಕ್ಕೇ ಹೇಳ್ತೀನಿ. ತೋಟದ ಗೇಟಿಂದ ಹೊರಟುಹೋಗಿ ಅಂತ ತಾಯಿ ಗೋಗರೀತಾಳಲ್ಲ, ಅಲ್ಲಿ ‘ಆಗಲಿ’ ಅನ್ನಲಿ, ಆದ್ರೆ ಪಾದ ಮನೆ ಕಡೆಗೇ ಇರಲಿ. ಮೇಜರ್ ಬಂದು ಇಲ್ಲೇ ಉಳ್ಕೊಳ್ಳಿ ಅಂದಾಗ ಒಂದೇ ಒಂದು ಕ್ಷಣ ತಡೆದು ಒಪ್ಪಲಿ. ಬೇರೆ ಅಭಿನಯ ಬೇಕಾಗಿಲ್ಲ.

ಗೆಜ್ಜೆಗಾತಿ:
ತಂತಿಪೇದೆ ಅವರೇ, ಹೋಟೆಲಿನ ಆಸ್ತಿ ಪಟ್ಟಿ ಅವನು ಓದೋದು ತಾಯಿಗಾಗಿ. ಆಯಮ್ಮ ತಮ್ಮ ಮಗಳು ಬೆಳೆದ ಅಂತಸ್ತಿನ ಮಾತೆತ್ತಿದ್ದಕ್ಕೆ 200 ಕುದುರೆ, 70 ಗಾಡಿ ಅಂತ ಶುರು ಹಚ್ಕೊಳ್ತಾನೆ. ರೈನಾ ಅದಕ್ಕೆ ಸೊಪ್ಪು ಹಾಕಲ್ಲ, ಹೆಚ್ಚು ಬೆಲೆ ಕೂಗಿದೋನಿಗೆ ಮಾರಿಕೊಳ್ಳೋಳಲ್ಲ ಅಂತ ಮುಖ ತಿರುಗಿಸ್ತಾಳೆ. ಆಗ ಅವನು ನೆನಪಿಸೋದು ಆ ರಾತ್ರೀನ. ಹಸಿದು, ನಿದ್ದೆಗೆಟ್ಟು, ದಿಕ್ಕಿಲ್ಲದೆ ಬಂದಿದ್ದನ್ನ. ಅಲ್ಲಿಗೆ ಅವಳು ಸೋಲ್ತಾಳೆ. ನಾನು ರೈನಾ ಆಡಿದಾಗ ಆ ಪಟ್ಟಿ ನಡೆಯೋವಷ್ಟು ಹೊತ್ತೂ ಅವನಿಗೆ ಬೆನ್ನು ಹಾಕಿ ನಿಂತಿದ್ದೆ. ಒಂದ್ಸಲ ಪ್ರಯತ್ನಿಸಿ, ನಗುವೂ ಜಾಸ್ತಿ ಬರುತ್ತೆ.

ಸೈಡ್‌ವಿಂಗ್:
ಕಳ್ಳನೋಟ ಕ್ಯಾನ್ಸಲ್. ಬೆನ್ನು ಹಾಕೋದನ್ನ ಕದ್ದೆ ಮೇಡಂ. ಈಗ ಹೊಸ ತಲೆನೋವು: ನಮ್ಮ ಬ್ಲಂಟ್‌ಶ್ಲಿ ರೈನಾಗಿಂತ ಚಿಕ್ಕೋನ ಹಾಗೆ ಕಾಣ್ತಾನೆ, 17ರ ಮಾತು ಯಾರೂ ನಂಬಲ್ಲ. ಹಳೇಬಣ್ಣ ಅವರೇ, ಕೆನ್ನೆಗೂದಲಿಗೆ ಸ್ವಲ್ಪ ಬಿಳಿ ಹಚ್ಚಿದ್ರೆ ಆಗುತ್ತಾ, ಅಥವಾ ಮೀಸೆ ಬೇಕಾ?

ಹಳೇಬಣ್ಣ:
ಬಿಳಿ ಬೇಡ, ಮುದುಕ ಕಾಣ್ತಾನೆ. ಕಣ್ಣಿನ ಕೆಳಗೆ ಕಂದು ಎಳೆಯಿರಿ, ನಡಿಗೆ ನಿಧಾನ ಮಾಡಿಸಿ.