ಅಪ್‌ಡೇಟ್: ಕಾರ್ಪೆಟ್ ಮೇಲಿನ ಇಂಕ್ ಕಲೆ ಹೋಯಿತು, ಆದರೆ ಒಂದೇ ಸಲಕ್ಕಲ್ಲ

ಹೋದ ವಾರ ಕೇಳಿದ್ದೆನಲ್ಲ, ಮಗಳ ಬಾಲ್ ಪೆನ್ ರೀಫಿಲ್ ಒಡೆದು ಕಾರ್ಪೆಟ್ ಮೇಲೆ ಅಂಗೈಯಗಲ ನೀಲಿ ಕಲೆ ಆಗಿದೆ, ಸೋಪುನೀರಲ್ಲಿ ಎಷ್ಟು ಉಜ್ಜಿದರೂ ಹೋಗುತ್ತಿಲ್ಲ ಅಂತ. ಉತ್ತರ ಕೊಟ್ಟ ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಕಲೆ ಹೋಯಿತು!

ಕೆಲಸ ಮಾಡಿದ್ದು ಐಸೊಪ್ರೊಪೈಲ್ ಆಲ್ಕೋಹಾಲ್, ಅಂದರೆ ಸ್ಯಾನಿಟೈಸರ್‌ಗಳಲ್ಲೂ ಬಳಸುವ ಒಂದು ಬಗೆಯ ಸ್ಪಿರಿಟ್. ಬಾಲ್ ಪೆನ್ ಇಂಕ್ ಎಣ್ಣೆಯಂಥದ್ದು, ಬರೀ ನೀರಿಗೆ ಜಗ್ಗುವುದಿಲ್ಲ, ಇದಕ್ಕೆ ಕರಗುತ್ತದೆ. ಮೊದಲು ಸೋಫಾ ಅಡಿಯ ಮೂಲೆಯಲ್ಲಿ ಹಚ್ಚಿ ನೋಡಿದೆ, ಕಾರ್ಪೆಟ್ ಬಣ್ಣ ಬಿಡಲಿಲ್ಲ. ಆಮೇಲೆ ಕಿಟಕಿ ತೆರೆದಿಟ್ಟು, ಬಿಳಿ ಬಟ್ಟೆಗೆ ಸ್ವಲ್ಪ ಸ್ವಲ್ಪವೇ ಹಾಕಿಕೊಂಡು, ಅಂಚಿನಿಂದ ನಡುವಿಗೆ ಒತ್ತುತ್ತಾ ಬಂದೆ. ಉಜ್ಜಲಿಲ್ಲ. ಬಟ್ಟೆ ನೀಲಿಯಾದ ಹಾಗೆ ಮಗ್ಗುಲು ಬದಲಿಸಿದೆ. ಸುಮಾರು 40 ನಿಮಿಷ ಹಿಡಿಯಿತು. ನೇರವಾಗಿ ಮಾತ್ರ ಸುರಿಯಬೇಡಿ, ಕಾರ್ಪೆಟ್ ಅಡಿಯ ಅಂಟು ಸಡಿಲವಾಗಬಹುದು. ಹತ್ತಿರದಲ್ಲಿ ಬೆಂಕಿಯೂ ಇರಬಾರದು.

ಮರುದಿನ ನೋಡಿದರೆ ತೆಳು ನೀಲಿ ಮತ್ತೆ ಕಾಣಿಸಿತು! ಎದೆ ಧಸಕ್ಕೆಂದಿತು. ಬುಡದಲ್ಲಿ ಉಳಿದಿದ್ದ ಇಂಕ್ ಒಣಗುವಾಗ ಎಳೆಗಳ ತುದಿಗೆ ಏರಿ ಬಂದಿತ್ತು, ಅಷ್ಟೆ. ಮತ್ತೊಮ್ಮೆ ಹಾಗೇ ಒತ್ತಿ ತೆಗೆದೆ. ಪಾತ್ರೆ ತೊಳೆಯುವ ಲಿಕ್ವಿಡ್ 2 ಹನಿ ಬೆರೆಸಿದ ನೀರಿನಿಂದ ಒರೆಸಿ, ಬರೀ ನೀರಿನಿಂದಲೂ ಒರೆಸಿದೆ. ಈ ಸಲ ಬಿಳಿ ಟವೆಲ್ ಮಡಚಿ ಹಾಸಿ, ಅದರ ಮೇಲೆ ಪ್ಲಾಸ್ಟಿಕ್ ಹಾಳೆ, ಮೇಲೆ ದಪ್ಪ ಪುಸ್ತಕಗಳನ್ನು ರಾತ್ರಿಯಿಡೀ ಇಟ್ಟೆ. ಉಳಿದ ನೀಲಿಯನ್ನೆಲ್ಲ ಟವೆಲ್ ಹೀರಿಕೊಂಡಿತು. ನನ್ನ ಪ್ರಕಾರ ಗೆದ್ದಿದ್ದು ಇಲ್ಲೇ.

ಕಲೆಯಾದ ಮೊದಲ ದಿನ ಸೋಪುನೀರು ಹಾಕಿ ಬ್ರಷ್‌ನಲ್ಲಿ ಉಜ್ಜಿದ ಜಾಗದಲ್ಲಿ ಮಾತ್ರ ಎಳೆಗಳು ಹಿಂಜಿಕೊಂಡಿವೆ. ಅದು ಸರಿಯಾಗುವ ಹಾಗೆ ಕಾಣುವುದಿಲ್ಲ.