ಚಂದ್ರುಗೆ ಕಾವು ಬಂದಿದೆ

"ಇವನಿಗೆ ಏನಾಗಿದೆ ಗೊತ್ತಾ? ಕಾವು ಬಂದಿದೆ," ಎಂದ ಬೋರಣ್ಣ, ಚಪ್ಪಲಿ ಬಿಡುತ್ತಲೇ.

ಚಂದ್ರು ಮಾತಾಡಲಿಲ್ಲ. ಮೂಲೆಯಲ್ಲಿ ಕುಕ್ಕರುಗಾಲಲ್ಲಿ ಕೂತಿದ್ದ. ಮುಂದೆ ಥರ್ಮಾಕೋಲ್ ಪೆಟ್ಟಿಗೆ. ಮುಚ್ಚಳದಲ್ಲೊಂದು ಗಾಜಿನ ಕಿಂಡಿ. ಒಳಗೆ ಹಳದಿ ಬೆಳಕು. ಸಂಜೆ ನಾವೆಲ್ಲ ಸೇರುತ್ತಿದ್ದುದು ಗೋವಿಂದನ ಎಲೆಕ್ಟ್ರಿಕ್ ಅಂಗಡಿಯ ಜಗಲಿಯಲ್ಲಿ. ಮೂರು ವಾರದಿಂದ ಜಗಲಿಯೇ ಚಂದ್ರುವಿನ ಮನೆಗೆ ಬಂದುಬಿಟ್ಟಿದೆ.

"ಲಕ್ಷಣ ನೋಡಿ ಮೇಷ್ಟ್ರೇ. ಗೂಡು ಬಿಟ್ಟು ಏಳಲ್ಲ. ದಿನಕ್ಕೊಂದು ಸಲ ಎದ್ದು ಗಬಗಬ ತಿಂದು ಓಡಿ ಬರ್ತಾನೆ. ಹತ್ರ ಹೋದ್ರೆ ಗುರ್ ಅಂತಾನೆ. ತಲೆ ಪುಕ್ಕ ಕೆದರಿದೆ. ನಮ್ಮೂರಲ್ಲಿ ಬೇಡದ ಹೊತ್ತಲ್ಲಿ ಹೇಂಟೆಗೆ ಹೀಗೆ ಕಾವು ಬಂದ್ರೆ, ಬಕೆಟ್ ತಣ್ಣೀರಲ್ಲಿ ಅದ್ದಿ ತೆಗೀತಿದ್ರು. ಇಳಿದುಹೋಗೋದು."

"ಅದ್ದಿ ಅಣ್ಣಾ, ನೀರು ನಾನು ಹಿಡಿದು ಕೊಡ್ತೀನಿ," ಎಂದಳು ಶೈಲಾ ಅಡುಗೆಮನೆಯಿಂದ. "ಬೆಳಿಗ್ಗೆ ಆರಕ್ಕೊಂದು ಅಲಾರಂ, ಮಧ್ಯಾಹ್ನ ಎರಡಕ್ಕೊಂದು, ರಾತ್ರಿ ಹತ್ತಕ್ಕೊಂದು. ಹದಿನೆಂಟು ದಿನ ಮಗ್ಗುಲು ಬದಲಿಸಿದ್ದು ಮೊಟ್ಟೆ. ನಿದ್ದೆ ಕೆಟ್ಟಿದ್ದು ನಂದು."

"ತಿರುಗಿಸದಿದ್ರೆ ಭ್ರೂಣ ಚಿಪ್ಪಿಗೆ ಅಂಟಿಕೊಳ್ಳುತ್ತೆ," ಎಂದ ಚಂದ್ರು, ಕಿಂಡಿಯಿಂದ ಕಣ್ಣು ತೆಗೆಯದೆ. ಪ್ರತಿ ಮೊಟ್ಟೆಗೂ ಒಂದು ಕಡೆ ಸೊನ್ನೆ, ಇನ್ನೊಂದು ಕಡೆ ಇಂಟು ಪೆನ್ಸಿಲಿನಲ್ಲಿ ಬರೆದಿದ್ದಾನೆ. ಯಾವುದು ತಿರುಗಿದೆ ಅಂತ ತಿಳಿಯಬೇಕಲ್ಲ.

"ಕೋಳಿ ದಿನಕ್ಕೆ ಎಷ್ಟೋ ಸಲ ತಿರುಗಿಸುತ್ತೆ. ಅದು ಯಾವ ಪೆನ್ಸಿಲು ಹಿಡಿದಿತ್ತು?" ಎಂದ ಬೋರಣ್ಣ.

ಇದು ಚಂದ್ರುವಿನ ಎರಡನೇ ಸಲದ ಪ್ರಯತ್ನ. ಮೊದಲ ಸಲ ಕಿರಾಣಿ ಅಂಗಡಿಯ ಒಂದು ಟ್ರೇ ಮೊಟ್ಟೆ ತಂದು ಇಟ್ಟಿದ್ದ. ಗೋವಿಂದ ಕೊಟ್ಟ ಎಲ್‌ಇಡಿ ಬಲ್ಬು ಹಾಕಿದ್ದ. ಮೂರು ದಿನ ಪೆಟ್ಟಿಗೆಯೊಳಗೆ ಹಗಲಾಯಿತೇ ಹೊರತು ಬೇಸಿಗೆಯಾಗಲಿಲ್ಲ.

"ಬಿಸಿ ಬರೋ ಬಲ್ಬು ಅಂತ ಯಾರು ಕೇಳ್ತಾರೆ ಸ್ವಾಮಿ ಈಗ?" ಎಂದ ಗೋವಿಂದ. "ಗೋಡೌನೆಲ್ಲಾ ಹುಡುಕಿ ಹಳೇ 60 ವ್ಯಾಟಿನ ತಂತಿ ಬಲ್ಬು ತೆಗೆದುಕೊಟ್ಟೆ. ಆಮೇಲೆ ನೋಡಿ, ಬಿಸಿ ಬಂತು."

"ಬಿಸಿ ಬಂತು. ಮರಿ ಎಲ್ಲಿ ಬಂತು?" ಎಂದ ಬೋರಣ್ಣ. "ಫಾರಂ ಕೋಳಿಗಳು ಹುಂಜದ ಮುಖವನ್ನೇ ಕಂಡಿಲ್ಲ. ಬಲ್ಬು ಹೆಚ್ಚು ಅಂದ್ರೆ ಅಮ್ಮ ಆಗಬಹುದು ಮಾರಾಯ, ಅಪ್ಪ ಆಗುತ್ತಾ?"

ಈ ಸಲ ಹಳ್ಳಿಯಿಂದ 12 ನಾಟಿ ಮೊಟ್ಟೆ ತರಿಸಿದ್ದಾನೆ. ಬೋರಣ್ಣ ಆಗಲೇ ತಕರಾರು ತೆಗೆದಿದ್ದ. ಮೊಟ್ಟೆ ಬೆಸ ಇಡಬೇಕಂತೆ, 11 ಇಲ್ಲ 13. ಏಳನೇ ದಿನ ದೀಪ ಆರಿಸಿ, ಮೊಟ್ಟೆಯ ಹಿಂದೆ ಮೊಬೈಲ್ ಟಾರ್ಚ್ ಹಿಡಿದು ನೋಡಿದರು. ಒಂಬತ್ತರಲ್ಲಿ ಕೆಂಪು ನರಗಳು ಜೇಡನ ಕಾಲಿನ ಹಾಗೆ ಹರಡಿದ್ದವು. ಮೂರು ಖಾಲಿ. "ನೋಡಿದ್ಯಾ, ಅದೇ ಬೆಸ ಮಾಡ್ಕೊಂಡ್ತು," ಎಂದು ಬೋರಣ್ಣ ಗೆದ್ದವನ ಹಾಗೆ ಮನೆಗೆ ಹೋಗಿದ್ದ.

ಮೇಷ್ಟ್ರು ಗಂಟಲು ಸರಿಮಾಡಿಕೊಂಡರು. ಇನ್ನು ತಪ್ಪಿಸಿಕೊಳ್ಳುವ ಹಾಗಿಲ್ಲ.

"ಇದೇನು ಹೊಸದಲ್ಲ. ಈಜಿಪ್ಟಿನಲ್ಲಿ ಎರಡು ಸಾವಿರ ವರ್ಷಕ್ಕೂ ಹಿಂದಿನಿಂದ ಮಣ್ಣಿನ ದೊಡ್ಡ ಗೂಡುಗಳಲ್ಲಿ ಸಾವಿರಾರು ಮೊಟ್ಟೆ ಇಟ್ಟು ಮರಿ ಮಾಡಿಸ್ತಿದ್ರು. ಥರ್ಮಾಮೀಟರ್ ಇಲ್ಲ. ಮೊಟ್ಟೆಯನ್ನು ಕಣ್ಣಿನ ರೆಪ್ಪೆಗೆ ತಾಗಿಸಿ ಬಿಸಿ ನೋಡ್ತಿದ್ರು. ಅಷ್ಟೇ ಯಾಕೆ, ಎಡಿಸನ್ ಚಿಕ್ಕವನಿದ್ದಾಗ ಮರಿ ಬರುತ್ತೆ ಅಂತ ಮೊಟ್ಟೆ ಮೇಲೆ ತಾನೇ ಕೂತಿದ್ದ ಅಂತ ಕಥೆ ಇದೆ."

"ಅವನು ಮೊದಲು ಕೂತ, ಆಮೇಲೆ ಬಲ್ಬು ಮಾಡಿದ. ಇವನು ಬಲ್ಬು ತಂದಮೇಲೂ ಕೂತಿದ್ದಾನೆ," ಎಂದ ಬೋರಣ್ಣ.

ಚಂದ್ರು ಕೊನೆಗೂ ತಿರುಗಿದ. "ನೋಡಿ, 37.5 ಡಿಗ್ರಿ ಇರ್ಬೇಕು. ಇನ್ನೊಂದೆರಡು ಡಿಗ್ರಿ ಹೆಚ್ಚಾದ್ರೆ ಮರಿ ಒಳಗೇ ಸಾಯುತ್ತೆ. ಕೊನೇ ಮೂರು ದಿನ ತೇವ 65 ಪರ್ಸೆಂಟ್ ದಾಟಿರ್ಬೇಕು. ಇಲ್ದಿದ್ರೆ ಒಳಪೊರೆ ಒಣಗಿ ಮರಿ ಸಿಕ್ಕಿಹಾಕ್ಕೊಳ್ಳುತ್ತೆ. ಅದಕ್ಕೇ ಬಿಸಿ ಹದದಲ್ಲಿಡೋ ಥರ್ಮೋಸ್ಟಾಟ್, ಕಂಪ್ಯೂಟರ್ ಫ್ಯಾನು, ಬಟ್ಟಲಲ್ಲಿ ನೀರು, ಒದ್ದೆ ಸ್ಪಾಂಜು. ಸುಮ್ನೆ ಆಟ ಅಲ್ಲ ಇದು."

"ಕೆಂಪಿ ಅಂತ ಒಂದು ಹೇಂಟೆ ಇತ್ತು ನಮ್ಮನೇಲಿ. ಅದೇ ಥರ್ಮೋಸ್ಟಾಟು, ಅದೇ ಸ್ಪಾಂಜು. ಖರ್ಚು ದಿನಕ್ಕೊಂದು ಹಿಡಿ ರಾಗಿ. ಕರೆಂಟು ಹೋದ್ರೂ ನಡೀತಿತ್ತು."

"ಈಗಿನ ಫಾರಂ ಕೋಳಿಗೆ ಕಾವೇ ಬರಲ್ಲ ಬೋರಣ್ಣ," ಎಂದರು ಮೇಷ್ಟ್ರು. "ಕಾವಿಗೆ ಕೂತ್ರೆ ಮೊಟ್ಟೆ ಇಡೋದು ನಿಲ್ಲಿಸುತ್ತಲ್ಲ. ಅದಕ್ಕೇ ತಳಿ ಮಾಡೋರು ಆ ಗುಣ ಇಲ್ಲದ್ದನ್ನೇ ಆರಿಸಿ ಆರಿಸಿ ಬೆಳೆಸಿದ್ರು."

"ಅಂದ್ರೆ ಮೊದಲು ಕೋಳಿಯಿಂದ ತಾಯ್ತನ ಕಿತ್ಕೊಂಡ್ರು. ಆಮೇಲೆ ಅದನ್ನೇ ಬಿಡಿಭಾಗ ಮಾಡಿ ಚಂದ್ರುಗೆ ಆನ್‌ಲೈನಲ್ಲಿ ಮಾರಿದ್ರು."

ಶೈಲಾ ಕಾಫಿ ತಂದಳು. ಮಾತು ಕಾಫಿಪುಡಿ ರೇಟಿಗೆ ಹೋಯಿತು. ಅಲ್ಲಿಂದ ಅಪಾರ್ಟ್‌ಮೆಂಟ್ ಅಸೋಸಿಯೇಷನ್‌ಗೆ. ಬೆಳಗಿನ ಜಾವ ಹುಂಜ ಕೂಗಿದರೆ ಯಾರು ದೂರು ಕೊಡುತ್ತಾರೆ ಎಂಬ ಬಗ್ಗೆ ಗೋವಿಂದ ಮೂರು ಮನೆಗಳನ್ನು ಹೆಸರಿಸಿದ. ಅಷ್ಟರಲ್ಲಿ ಕರೆಂಟು ಹೋಯಿತು.

ಫ್ಯಾನಿನ ಸದ್ದು ನಿಂತಿತು. ಇನ್ವರ್ಟರ್ ಎರಡು ಸಲ ಕೀಂ ಅಂದು ಸುಮ್ಮನಾಯಿತು. ಚಂದ್ರು ಮುಚ್ಚಳಕ್ಕೆ ಕೈಹಾಕಿದ.

"ತೆಗೀಬೇಡ!" ಬೋರಣ್ಣ ಗದರಿದ. "ಶೈಲಾ, ಕಂಬಳಿ ತಾರಮ್ಮ. ಪೆಟ್ಟಿಗೆಗೆ ಹೊದಿಸು. ಗಾಳಿ ಕಿಂಡಿ ಬಿಟ್ಟು. ಕೋಳೀನೂ ದಿನಕ್ಕೊಂದು ಸಲ ಗೂಡು ಬಿಟ್ಟು ಹೋಗುತ್ತಪ್ಪ. ಸ್ವಲ್ಪ ಹೊತ್ತಿಗೆ ಏನೂ ಆಗಲ್ಲ."

ಕತ್ತಲಲ್ಲಿ ಎಲ್ಲರೂ ಪೆಟ್ಟಿಗೆಯ ಸುತ್ತ ಕೂತೆವು.

"ಅಮ್ಮ ಹಳೇ ಮಂಕರೀಲಿ ಹುಲ್ಲು ಹಾಸಿ ಇಡೋಳು," ಎಂದ ಬೋರಣ್ಣ. ದನಿ ಇಳಿದಿತ್ತು. "ಗುಡುಗಿಗೆ ಮೊಟ್ಟೆ ಕೆಡಬಾರದು ಅಂತ ಒಂದು ಕಬ್ಬಿಣದ ಮೊಳೆ ಬೇರೆ. ನಾವೆಲ್ಲ ಊರು ಬಿಟ್ಟ ಮೇಲೆ ಫೋನ್ ಮಾಡಿದ್ರೆ ಮೊದಲ ಸುದ್ದೀನೇ ಅದು. 'ಕೆಂಪಿ ಇವತ್ತು ಕಾವಿಗೆ ಕೂತವಳೆ ಕಣ್ಲಾ, ಮರಿ ಆದಾಗ ಬಾ.' ನೋಡೋಣಮ್ಮ ಅಂತಿದ್ದೆ. ಮರಿ ಆಗಕ್ಕೆ 21 ದಿನ. ರಜಾ ಹಾಕಕ್ಕೆ ಅಷ್ಟು ಮುಂಚೆ ಯಾವ ಅಮ್ಮ ಹೇಳ್ತಾಳೆ? ಆದ್ರೂ ಹೋಗ್ಲಿಲ್ಲ."

ಗೋವಿಂದ ಕೂಡ ಏನೂ ಅನ್ನಲಿಲ್ಲ.

"ಕೊನೇ ದಿನಗಳಲ್ಲಿ ಕೆಂಪಿ ಮೊಟ್ಟೆಗಳ ಜೊತೆ ಮಾತಾಡೋದು. ಮೆತ್ತಗೆ. ಹೀಗೆ." ಬೋರಣ್ಣ ಪೆಟ್ಟಿಗೆಗೆ ಬಾಯಿ ಹತ್ತಿರ ತಂದ. "ಕ್ಲೊಕ್... ಕ್ಲೊಕ್... ಕ್ಲೊಕ್..."

ಮೇಷ್ಟ್ರಿಗೆ ನಗು ತಡೆಯಲಾಗಲಿಲ್ಲ. ಗೋವಿಂದ ಅವರ ತೊಡೆ ಚಿವುಟಿದ.

ಕಂಬಳಿಯೊಳಗಿಂದ ಸಣ್ಣಗೆ, ಸೂಜಿಮೊನೆಯಷ್ಟು ಸಣ್ಣಗೆ, "ಚೀಂ".

"ಇಪ್ಪತ್ತನೇ ದಿನ," ಎಂದ ಚಂದ್ರು ಪಿಸುಮಾತಿನಲ್ಲಿ. "ಒಳಗಿನ ಗಾಳಿಚೀಲ ಒಡೆದು ಉಸಿರಾಡ್ತಿದೆ. ಬೋರಣ್ಣ, ಇನ್ನೊಂದು ಸಲ ಕರೀರಿ."

"ಕ್ಲೊಕ್... ಕ್ಲೊಕ್..."

"ಚೀಂ. ಚೀಂ."

ಕರೆಂಟು ಯಾವಾಗ ಬಂತೋ ಗೊತ್ತಿಲ್ಲ. ಕಾಫಿ ಲೋಟ ಆರಿಹೋಗಿದ್ದವು. ಮೇಷ್ಟ್ರು, ಗೋವಿಂದ ಎದ್ದರು. ಚಂದ್ರು ಗೋಡೆಗೊರಗಿ ನಿದ್ದೆಹೋಗಿದ್ದ, ಮೂರು ವಾರದ ಬಾಕಿ. ಬೋರಣ್ಣ ಮಾತ್ರ ಕುಕ್ಕರುಗಾಲಲ್ಲೇ ಕೂತಿದ್ದ, ಕಿವಿ ಪೆಟ್ಟಿಗೆಗೆ ಕೊಟ್ಟು.

ಹತ್ತೂವರೆಗೆ ಅವನ ಹೆಂಡತಿಯ ಫೋನು. ಅವನು ಎತ್ತಲಿಲ್ಲ. ಗೋವಿಂದ ಹೆಗಲು ಮುಟ್ಟಿದರೆ ಗುರ್ ಅಂದ. ಶೈಲಾ ಫೋನ್ ತೆಗೆದುಕೊಂಡಳು.

"ಇಲ್ಲೇ ಇದ್ದಾರೆ ಅಕ್ಕಾ. ಏಳ್ತಾ ಇಲ್ಲ," ಎಂದಳು. "ಒಂದು ಬಕೆಟ್ ತಣ್ಣೀರು ಸಾಕಾ, ಎರಡು ಹಿಡೀಲಾ?"